ರಕ್ಷಣೆ ಸೋರುವ ಕಾಲೇಜು ಹಾಕಿ ತಂಡ: ದೋಷ ಪತ್ತೆ ಮತ್ತು ನಿವಾರಣೆ

ಗದಗ, ಹಾವೇರಿ, ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ಹಾಕಿ ತಂಡ ಕಟ್ಟಿಕೊಂಡು ಹೆಣಗುತ್ತಿರುವ ದೈಹಿಕ ಶಿಕ್ಷಣ ನಿರ್ದೇಶಕರಿಗೂ ತಂಡದ ನಾಯಕರಿಗೂ ಉಪಯೋಗಕ್ಕೆ ಬರಲೆಂದು ಈ ಕೈಪಿಡಿಯನ್ನು ಬರೆದಿದ್ದೇನೆ. ಗದಗಿನ ನಮ್ಮ ಕಾಲೇಜು ತಂಡ ಈ ಸಾಲಿನಲ್ಲಿ 5 ಪಂದ್ಯಗಳನ್ನಾಡಿ 11 ಗೋಲುಗಳನ್ನು ಬಿಟ್ಟುಕೊಟ್ಟಿತು. ದಾಳಿ ಮಾಡುವ ಹುಡುಗರು ಗೋಲು ಹೊಡೆಯಲಿಲ್ಲವೆಂದು ದೂರುವಂತಿರಲಿಲ್ಲ, ಏಕೆಂದರೆ ಎರಡು ಪಂದ್ಯಗಳಲ್ಲಿ ಮೊದಲ ಗೋಲು ನಮ್ಮದೇ ಆಗಿತ್ತು. ಮೂರನೆಯ ಪಂದ್ಯ ಸೋತ ಸಂಜೆ ಎಲ್ಲರೂ ಸೇರಿ ಗೋಲ್‌ಕೀಪರ್‌ನ ಮೇಲೆ ತಪ್ಪು ಹೊರಿಸಿ ನಾಲ್ಕನೆಯ ಪಂದ್ಯಕ್ಕೆ ಬೇರೆ ಹುಡುಗನನ್ನು ನಿಲ್ಲಿಸಿದೆವು. ಅವನ ಬೆನ್ನ ಹಿಂದೆಯೂ 3 ಗೋಲು ಬಿದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆವೆಂಬುದು ಆಮೇಲೆ ತಿಳಿಯಿತು. ಆ ನಿರ್ಧಾರದಲ್ಲಿ ನನ್ನದೂ ಪಾಲಿತ್ತು.

ಲಕ್ಷಣಗಳನ್ನು ಬರೆದಿಡುವ ಕ್ರಮ

ಸೋತು ಊರಿಗೆ ಮರಳುವಾಗ ಬಸ್ಸಿನಲ್ಲಿ ನಡೆಯುವ ಚರ್ಚೆಯಿಂದ ದೋಷ ಸಿಗುವುದಿಲ್ಲ. ಪ್ರತಿಯೊಬ್ಬನಿಗೂ ಗೋಲು ಬಿದ್ದ ಕೊನೆಯ ಎರಡು ಕ್ಷಣಗಳಷ್ಟೇ ನೆನಪಿರುತ್ತವೆ; ಆ ಕ್ಷಣದಲ್ಲಿ ಕಣ್ಣಿಗೆ ಬೀಳುವವನು ಕೀಪರ್ ಅಥವಾ ಅವನ ಎದುರಿಗೆ ನಿಂತ ಬ್ಯಾಕ್, ಅಂದರೆ ಹಿಂದಿನ ರಕ್ಷಕ. ಆದ್ದರಿಂದ ಒಂದು ನೋಟ್‌ಬುಕ್ ತೆಗೆದುಕೊಂಡು ಒಂದೊಂದು ಗೋಲಿಗೆ ಒಂದೊಂದು ಪುಟ ಮೀಸಲಿಟ್ಟು, ಗೋಲಿನಿಂದ ಹಿಂದಕ್ಕೆ ಹೋಗುತ್ತಾ ಬರೆಯಬೇಕು. ಚೆಂಡು ಕೊನೆಯ ಬಾರಿ ನಮ್ಮ ಸ್ಟಿಕ್‌ನಲ್ಲಿದ್ದದ್ದು ಮೈದಾನದ ಯಾವ ಜಾಗದಲ್ಲಿ, ಅದು ಹೇಗೆ ಕೈತಪ್ಪಿತು, ಅಲ್ಲಿಂದ ಗೋಲಿಗೆ ಎಷ್ಟು ಸೆಕೆಂಡು ಹಿಡಿಯಿತು, ಹೊಡೆತ ಬಿದ್ದಾಗ ‘ಡಿ’ಯೊಳಗೆ (ಗೋಲಿನ ಎದುರಿನ ಅರೆವೃತ್ತದೊಳಗೆ) ನಮ್ಮವರು ಎಷ್ಟು ಮಂದಿಯಿದ್ದರು, ಅವರ ಮುಖ ಯಾವ ಕಡೆಗಿತ್ತು ಎಂಬುದೆಲ್ಲ ಆ ಪುಟದಲ್ಲಿರಬೇಕು. ಮುಖದ ದಿಕ್ಕನ್ನು ಬರೆಯುವುದು ಕ್ಷುಲ್ಲಕವೆನ್ನಿಸಬಹುದು. ಆದರೆ ನಾಲ್ವರು ರಕ್ಷಕರು ‘ಡಿ’ಯೊಳಗಿದ್ದೂ ನಾಲ್ವರೂ ನಮ್ಮ ಗೋಲಿನ ಕಡೆಗೆ ಮುಖ ಮಾಡಿ ಓಡುತ್ತಿದ್ದರೆ, ಆ ಗೋಲು ಬೀಳುವ ಹೊತ್ತಿಗೆ ನಮಗೆ ರಕ್ಷಣೆಯೇ ಇರಲಿಲ್ಲವೆಂದು ತಿಳಿಯಬೇಕು.

ಇದಕ್ಕೆ ವಿಡಿಯೊ ಬೇಕಾಗುತ್ತದೆ. ಅಂಚುಗೆರೆಯ ಪಕ್ಕದಲ್ಲಿ ನಿಂತು ತೆಗೆದ ವಿಡಿಯೊದಲ್ಲಿ ಆಟಗಾರರ ನಡುವಿನ ಅಂತರ ಕಾಣಿಸುವುದಿಲ್ಲ. ಗೋಲಿನ ಹಿಂದೆ ಎತ್ತರದಿಂದ ತೆಗೆದದ್ದು ಮಾತ್ರ ಕೆಲಸಕ್ಕೆ ಬರುತ್ತದೆ. ನಮ್ಮ ಹುಡುಗರು ನೀರಿನ ಟ್ಯಾಂಕಿನ ಏಣಿಗೆ ಫೋನ್ ಕಟ್ಟಿ ತೆಗೆದ ಅಲುಗಾಡುವ ಚಿತ್ರವೇ ನಮಗೆ ಸಾಕಾಯಿತು.

ನಮ್ಮ 11 ಪುಟಗಳನ್ನು ಜೋಡಿಸಿದಾಗ, 5 ಗೋಲುಗಳು, ‘ಡಿ’ಯೊಳಗಿನ ತಪ್ಪಿಗೆ ಎದುರಾಳಿಗೆ ಹಿಂಗೆರೆಯಿಂದ ಸಿಗುವ ಪೆನಾಲ್ಟಿ ಕಾರ್ನರ್‌ನಿಂದ ಬಂದಿದ್ದವು. 4 ಗೋಲುಗಳು ನಾವೇ ಹಿಂದಿನಿಂದ ಚೆಂಡನ್ನು ಆಟಕ್ಕೆ ಬಿಡುವಾಗ ಕಳೆದುಕೊಂಡ ಕೂಡಲೇ ಬಿದ್ದಿದ್ದವು. ಉಳಿದ ಎರಡರಲ್ಲಿ ಒಂದು ಕೀಪರ್‌ನ ಪ್ಯಾಡಿಗೆ ತಗುಲಿ ಮುಂದೆ ಬಿದ್ದ ಚೆಂಡಿನಿಂದ, ಇನ್ನೊಂದು ನಮ್ಮ ಬ್ಯಾಕ್‌ಗಳ ತಲೆಯ ಮೇಲಿಂದ ಬಂದ ಎತ್ತರದ ಚೆಂಡಿನಿಂದ. ಹಾಗಾದರೆ ಬ್ಯಾಕ್‌ಗಳನ್ನು ಎದುರಾಳಿ ಚಾಕಚಕ್ಯತೆಯಿಂದ ಆಡಿಸಿ ದಾಟಿಹೋಗಿ ಹೊಡೆದ ಗೋಲು ಎಷ್ಟು? ಒಂದೂ ಇರಲಿಲ್ಲ. ಆದರೂ ಮೂರು ವಾರ ನಾವು ಅಭ್ಯಾಸದಲ್ಲಿ ಮಾಡಿಸಿದ್ದು ಒಬ್ಬನ ಎದುರು ಒಬ್ಬನನ್ನು ನಿಲ್ಲಿಸಿ ಡಾಡ್ಜ್ ತಡೆಯುವ ಕಸರತ್ತನ್ನೇ.

ಮೊದಲು ಸಾಮಾನು ಪರಿಶೀಲಿಸಿ

ಇದು ಅರ್ಧ ಗಂಟೆಯ ಕೆಲಸ. ಕೀಪರ್‌ಗೆ ಪ್ಯಾಡ್ ಮತ್ತು ಪಾದದ ಮೇಲಿನ ಕಿಕರ್ ತೊಡಿಸಿ ಗೋಲಿನಲ್ಲಿ ನಿಲ್ಲಿಸಿ, ‘ಡಿ’ಯ ಮೇಲ್ತುದಿಯಿಂದ ಅವನ ಕಾಲಿಗೇ ಹತ್ತು ಸಲ ಚೆಂಡು ಹೊಡೆದು, ತಗುಲಿದ ಚೆಂಡು ಎಲ್ಲಿ ನಿಲ್ಲುತ್ತದೆಂದು ಗುರುತು ಹಾಕಬೇಕು. ಒಳ್ಳೆಯ ಫೋಮ್ ಇರುವ ಪ್ಯಾಡಿನಿಂದ ಚೆಂಡು ಚಿಮ್ಮಿ ದೂರ ಹೋಗುತ್ತದೆ. ಹಲವು ವರ್ಷ ಸ್ಟೋರ್ ರೂಮಿನಲ್ಲಿ ಒಂದರ ಮೇಲೊಂದು ಒಟ್ಟಿಟ್ಟ ಪ್ಯಾಡಿನಲ್ಲಿ ಫೋಮ್ ಕುಸಿದಿರುತ್ತದೆ. ಅದಕ್ಕೆ ಬಡಿದ ಚೆಂಡು ಕೀಪರ್‌ನಿಂದ ಎರಡು ಹೆಜ್ಜೆ ಮುಂದೆ ಸತ್ತು ಬೀಳುತ್ತದೆ, ಎದುರಾಳಿ ಮುಂದಾಳುವಿಗೆ ಅದು ತಟ್ಟೆಯಲ್ಲಿಟ್ಟು ಕೊಟ್ಟಂತೆ. ನಮ್ಮ ಬಲಗಾಲಿನ ಕಿಕರ್ ಹೀಗೆಯೇ ಆಗಿತ್ತು. ಹೊಸದಕ್ಕೆ ಹಣವಿರಲಿಲ್ಲವಾದ್ದರಿಂದ, ಬಲಗಾಲಿಗೆ ಬರುವ ಚೆಂಡನ್ನು ಸುಮ್ಮನೆ ತಡೆಯದೆ ಒದ್ದು ಪಕ್ಕಕ್ಕೆ ಕಳುಹಿಸುವುದನ್ನು ಕೀಪರ್‌ಗೆ ರೂಢಿ ಮಾಡಿಸಿದೆವು.

ಸ್ಟಿಕ್‌ಗಳನ್ನೂ ಒಮ್ಮೆ ನೆಲದ ಮೇಲೆ ಮಲಗಿಸಿ ನೋಡಬೇಕು. ನಿಯಮದ ಪ್ರಕಾರ ಸ್ಟಿಕ್‌ನ ಬಾಗು 25 ಮಿಲಿಮೀಟರ್ ಮೀರಬಾರದು. ಬಾಗು ಕೆಳತುದಿಗೆ ಹತ್ತಿರವಿರುವ ಸ್ಟಿಕ್ ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಸ್ಟಿಕ್ಕಿಗೆ ತಾಗಿಸಿ ಎಳೆದು ಚಿಮ್ಮಿಸುವುದು) ಮಾಡುವವನಿಗೆ ಅನುಕೂಲ, ಆದರೆ ಅದರಿಂದ ಜೋರಾಗಿ ಹೊಡೆದ ಚೆಂಡು ಬೇಡವೆಂದರೂ ಮೇಲೇಳುತ್ತದೆ. ಹಿರಿಯ ವಿದ್ಯಾರ್ಥಿ ಬಿಟ್ಟುಹೋದ ಅಂಥ ಸ್ಟಿಕ್ ನಮ್ಮ ಎಡ ಬ್ಯಾಕ್‌ನ ಕೈಯಲ್ಲಿತ್ತು, ಅದನ್ನು ಬದಲಿಸಿದೆವು.

ಮೂಲ ದೋಷ: ಗರಸಿನಲ್ಲಿ ಕಲಿತ ಕಾಲು

ನೋಟ್‌ಬುಕ್ಕಿನಲ್ಲಿ ನಾವು ತಡವಾಗಿ ಸೇರಿಸಿದ ಒಂದು ಲೆಕ್ಕವೇ ಎಲ್ಲಕ್ಕಿಂತ ಹೆಚ್ಚು ಹೇಳಿತು. 5 ಪಂದ್ಯಗಳಲ್ಲಿ ನಾವು ಎದುರಾಳಿಗೆ ಕೊಟ್ಟ ಪೆನಾಲ್ಟಿ ಕಾರ್ನರ್ 19; ಅವುಗಳಲ್ಲಿ 12 ‘ಡಿ’ಯೊಳಗೆ ನಮ್ಮವರ ಕಾಲಿಗೆ ಚೆಂಡು ತಗುಲಿದ್ದಕ್ಕೆ ಕೊಟ್ಟವು. ಅಂದರೆ ಕಾರ್ನರ್ ತಡೆಯುವುದರಲ್ಲಿ ಎಷ್ಟು ಕೊರತೆಯಿತ್ತೋ ಅದಕ್ಕಿಂತ ಹೆಚ್ಚಿನ ಕೊರತೆ ಕಾರ್ನರ್ ಕೊಡುವುದರಲ್ಲಿತ್ತು.

ಇದರ ಬೇರು ನಾವು ಅಭ್ಯಾಸ ಮಾಡುವ ನೆಲದಲ್ಲಿದೆ. ನಮ್ಮದು ಎರೆ ಭೂಮಿಯ ಮೇಲೆ ಗರಸು, ಅಂದರೆ ಹರಳುಮಣ್ಣು, ಹಾಸಿ ರೋಲರ್ ಎಳೆದ ಮೈದಾನ. ಒಂದು ಮಳೆ ಬಿದ್ದರೆ ಕೆಳಗಿನ ಎರೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಗರಸಿನ ಹರಳು ಮೇಲೆದ್ದು ನಿಲ್ಲುತ್ತದೆ. 160 ಗ್ರಾಮಿನ ಆಸುಪಾಸಿನ ಚೆಂಡು ಆ ಹರಳಿಗೆ ಬಡಿದರೆ ಮೊಣಕಾಲಿನೆತ್ತರಕ್ಕೆ ಪುಟಿಯುತ್ತದೆ. ಆದ್ದರಿಂದ ಇಲ್ಲಿ ಪ್ರೌಢಶಾಲೆಯಿಂದಲೇ ಹುಡುಗರಿಗೆ ಸ್ಟಿಕ್ಕನ್ನು ನೆಟ್ಟಗೆ ಹಿಡಿ, ಸ್ಟಿಕ್ಕಿನ ಹಿಂದೆ ಎರಡೂ ಕಾಲು ಜೋಡಿಸಿ ನಿಲ್ಲು, ಚೆಂಡು ತಪ್ಪಿದರೆ ಮೈಯಾದರೂ ತಡೆಯುತ್ತದೆ ಎಂದು ಕಲಿಸುತ್ತಾರೆ. ಆ ನೆಲಕ್ಕೆ ಅದು ತಪ್ಪು ಪಾಠವೇನಲ್ಲ. ಗರಸಿನ ಮೇಲೆ ಚೆಂಡು ನಿಧಾನವಾಗಿ ಬರುವುದರಿಂದ ಸ್ಟಿಕ್ ಇಳಿಸಲು ಸಮಯವಿರುತ್ತದೆ, ಕಾಲು ಬರಿಯ ಎರಡನೆಯ ಕಾವಲಾಗಿ ಉಳಿಯುತ್ತದೆ.

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಮೊದಲ ಬಾರಿ ಕೃತಕ ಹಾಸಿನ ಮೇಲೆ ನಡೆದಾಗ ಭಾರತ ತಂಡ ಎದುರಿಸಿದ ಕಷ್ಟವೇ ಇಂದಿಗೂ ನಮ್ಮ ಕಾಲೇಜು ಹುಡುಗರು ವರ್ಷಕ್ಕೊಮ್ಮೆ ಪಂದ್ಯಾವಳಿಗೆಂದು ಟರ್ಫ್ ಮೆಟ್ಟಿದಾಗ ಎದುರಾಗುತ್ತದೆ. ನೀರು ಹಾಯಿಸಿದ ಟರ್ಫಿನ ಮೇಲೆ ಚೆಂಡು ಪುಟಿಯದೆ ಜಾರಿಕೊಂಡು ಬರುತ್ತದೆ, ನೆಟ್ಟಗೆ ಹಿಡಿದ ಸ್ಟಿಕ್ ಇಳಿಯುವ ಮೊದಲೇ ಅದು ಹಿಂದೆ ಜೋಡಿಸಿಟ್ಟ ಕಾಲನ್ನು ಮುಟ್ಟಿರುತ್ತದೆ. ಅಂಪೈರ್ ಸೀಟಿ ಊದುತ್ತಾರೆ, ನಮ್ಮ ಹುಡುಗ ಕೈ ಚಾಚಿ ವಾದಿಸುತ್ತಾನೆ. ಅವನ ದೃಷ್ಟಿಯಲ್ಲಿ ಅವನು ಕಲಿತದ್ದನ್ನು ಚಾಚೂ ತಪ್ಪದೆ ಮಾಡಿದ್ದಾನೆ.

ನಿಮ್ಮ ತಂಡದಲ್ಲಿಯೂ ಇದೇ ದೋಷವಿದೆಯೇ ಎಂದು ತಿಳಿಯಲು ಟರ್ಫ್ ಬೇಕಿಲ್ಲ. ಕಾಲೇಜಿನ ಸಿಮೆಂಟಿನ ಬ್ಯಾಸ್ಕೆಟ್‌ಬಾಲ್ ಕೋರ್ಟಿಗೆ ನಾಲ್ಕು ಬಕೆಟ್ ನೀರು ಚೆಲ್ಲಿ, 10 ಮೀಟರ್ ದೂರದಿಂದ ರಕ್ಷಕನ ಎಡಬಲ ಪಾದಗಳ ಕಡೆಗೆ ಹತ್ತು ಪುಶ್ ಮಾಡಿಸಿ, ಎಷ್ಟು ಸಲ ಕಾಲಿಗೆ ತಗುಲಿತೆಂದು ಎಣಿಸಿ. ಅದೇ ಪರೀಕ್ಷೆಯನ್ನು ಗರಸಿನ ಮೇಲೂ ಮಾಡಿ. ಎರಡೂ ಕಡೆ ಸಂಖ್ಯೆ ಹೆಚ್ಚಾಗಿದ್ದರೆ ಹುಡುಗನಿಗೆ ಚೆಂಡು ತಡೆಯುವ ಪಾಠ ಮೊದಲಿನಿಂದ ಬೇಕು. ಗರಸಿನಲ್ಲಿ ಕಡಿಮೆಯಾಗಿ ಕೋರ್ಟಿನಲ್ಲಿ ಮಾತ್ರ ಹೆಚ್ಚಾಗಿದ್ದರೆ ದೋಷ ರೂಢಿಯದು. ನಮ್ಮ ಬಲ ಬ್ಯಾಕ್ ಗರಸಿನ ಮೇಲೆ ಹತ್ತಕ್ಕೆ ಒಂದು ಸಲ, ಕೋರ್ಟಿನಲ್ಲಿ ಹತ್ತಕ್ಕೆ ಆರು ಸಲ ಕಾಲು ಕೊಟ್ಟ. ತಂಡದಲ್ಲಿ ಅವನಷ್ಟು ನಂಬಿಕೆಯ ಆಟಗಾರ ಇನ್ನೊಬ್ಬನಿರಲಿಲ್ಲ, ಹಾಗಾಗಿ ಅವನನ್ನು ಯಾರೂ ಅನುಮಾನಿಸಿರಲಿಲ್ಲ.

ಈ ರೂಢಿಗೆ ಇನ್ನೊಂದು ಮುಖವಿದೆ. ಗರಸಿನ ಮೇಲೆ ಚೆಂಡಿನ ಪುಟಿತ ನೋಡಿಕೊಂಡು ಆಡಬೇಕಾದ್ದರಿಂದ ರಕ್ಷಕ ಹಿಂದೆ ಹಿಂದೆ ಸರಿಯುತ್ತಾ ಕಾಯುತ್ತಾನೆ. ಟರ್ಫಿನಲ್ಲಿ ಹಾಗೆ ಕಾಯುತ್ತ ಹೋದರೆ ಟ್ಯಾಕಲ್ ಮಾಡುವ ಹೊತ್ತಿಗೆ ಎದುರಾಳಿ ‘ಡಿ’ಯೊಳಗಿರುತ್ತಾನೆ. ‘ಡಿ’ಯ ಹೊರಗೆ ಅಕಸ್ಮಾತ್ತಾಗಿ ಕಾಲಿಗೆ ಚೆಂಡು ತಗುಲಿದರೆ ಎದುರಾಳಿಗೆ ಸಿಗುವುದು ಫ್ರೀ ಹಿಟ್ ಮಾತ್ರ, ಅದೂ ನಮ್ಮ 23 ಮೀಟರ್ ಗೆರೆಯ ಒಳಗಾದರೆ ಚೆಂಡು 5 ಮೀಟರ್ ಚಲಿಸುವವರೆಗೆ ಅದನ್ನು ‘ಡಿ’ಗೆ ಕಳಿಸುವಂತಿಲ್ಲ. ಅದೇ ತಪ್ಪು ಮೂರು ಹೆಜ್ಜೆ ಹಿಂದೆ, ‘ಡಿ’ಯ ಗೆರೆಯ ಒಳಗೆ ನಡೆದರೆ ಪೆನಾಲ್ಟಿ ಕಾರ್ನರ್. ಅಭ್ಯಾಸ ಪಂದ್ಯದಲ್ಲಿ ಟ್ಯಾಕಲ್ ಆದ ಜಾಗಗಳಿಗೆಲ್ಲ ಸುಣ್ಣದ ಪುಡಿ ಹಾಕುತ್ತ ಹೋಗಿ, ಕೊನೆಗೆ ಗುರುತುಗಳು ಎಲ್ಲಿ ಗುಂಪುಗೂಡಿವೆಯೆಂದು ನೋಡಿ. ನಮ್ಮ ಗುರುತುಗಳು ‘ಡಿ’ಯ ಮೇಲ್ತುದಿಯ ಒಳಭಾಗದಲ್ಲಿ ಒಂದು ಸಣ್ಣ ರಾಶಿಯಂತೆ ಕಾಣುತ್ತಿದ್ದವು.

ನಿವಾರಣೆಗೆ ಬೆಳಿಗ್ಗೆ ಆರರಿಂದ ಏಳರವರೆಗೆ ಮೂರು ವಾರ ಬೇಕಾಯಿತು. ಒದ್ದೆ ಕೋರ್ಟಿನಲ್ಲಿ ರಕ್ಷಕ ಎಡಗಾಲು ಮುಂದಿಟ್ಟು ಮೈ ಓರೆ ಮಾಡಿ ನಿಲ್ಲಬೇಕು. ಹಾಗೆ ನಿಂತಾಗ ಪಾದಗಳು ಸ್ಟಿಕ್ಕಿನ ಹಿಂದೆ ಜೋಡಿಯಾಗಿ ಉಳಿಯುವುದಿಲ್ಲ. ಎದುರಾಳಿಯನ್ನು ನಮ್ಮ ಬಲಗಡೆಗೆ, ಅಂದರೆ ಅವನ ಎಡಗಡೆಗೆ ಹೋಗುವಂತೆ ದಾರಿ ಬಿಟ್ಟರೆ ಅವನು ಸ್ಟಿಕ್ ತಿರುಗಿಸಿಕೊಂಡು ರಿವರ್ಸ್ ಸ್ಟಿಕ್ಕಿನಲ್ಲಿ ಆಡಬೇಕಾಗುತ್ತದೆ, ನಮ್ಮವನ ಸ್ಟಿಕ್ಕಿನ ಚಪ್ಪಟೆ ಮುಖ ಚೆಂಡಿಗೆ ಎದುರಾಗುತ್ತದೆ. ತಡೆಯುವಾಗ ಸ್ಟಿಕ್ ಪೂರ್ತಿ ಮಲಗಬೇಕು. ಎಡಗೈಯ ಗೆಣ್ಣು ನೆಲ ಮುಟ್ಟಿದರೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇವೆಂದು ಹೇಳಿದ್ದರಿಂದ ಮೊದಲ ವಾರ ಎಲ್ಲರ ಎಡಗೈ ಗೆಣ್ಣೂ ಸಿಮೆಂಟಿಗೆ ತರಚಿ ಕೆಂಪಾಗಿತ್ತು. ಕೈಗವಸು ಎಲ್ಲರ ಬಳಿ ಇರಲಿಲ್ಲ, ಹಳೆಯ ಕಾಲುಚೀಲದ ತುದಿ ಕತ್ತರಿಸಿ ಕೈಗೆ ತೊಡಿಸಿದೆವು. ಒದ್ದೆ ಸಿಮೆಂಟಿನ ಮೇಲೆ ಗರಸಿನ ಬೂಟು ಜಾರುತ್ತದೆಂಬುದನ್ನು ಮೊದಲ ದಿನವೇ ಒಬ್ಬ ಹುಡುಗ ಬಿದ್ದು ತೋರಿಸಿಕೊಟ್ಟ; ಸಾದಾ ರಬ್ಬರ್ ತಳದ ಬೂಟು ಹಾಕಿಸಿ, ಓಟವಿಲ್ಲದ ಅಭ್ಯಾಸವನ್ನು ಮಾತ್ರ ಅಲ್ಲಿ ಮಾಡಿಸಿ. ಆ ಮೂರು ವಾರ ಗರಸಿನ ಮೈದಾನದಲ್ಲಿ ಟ್ಯಾಕಲ್ ಅಭ್ಯಾಸವನ್ನು ಸಂಪೂರ್ಣ ನಿಲ್ಲಿಸುವುದು ಒಳ್ಳೆಯದು, ಇಲ್ಲವಾದರೆ ಬೆಳಿಗ್ಗೆ ಕಲಿತದ್ದನ್ನು ಸಂಜೆಯ ಗರಸು ಅಳಿಸಿಹಾಕುತ್ತದೆ.

ಎರಡನೆಯ ದೋಷ: ಹದಿನಾರು ಗಜದ ಹಿಟ್

ಎದುರಾಳಿ ಚೆಂಡನ್ನು ನಮ್ಮ ಹಿಂಗೆರೆಯಾಚೆ ಕಳಿಸಿದಾಗ ನಮಗೆ ಸಿಗುವ ಹಿಟ್ಟನ್ನು ನಮ್ಮ ಹಳೆಯ ಆಟಗಾರರು ಇಂದಿಗೂ ಹದಿನಾರು ಗಜದ ಹಿಟ್ ಎಂದೇ ಕರೆಯುತ್ತಾರೆ. ‘ಡಿ’ಯ ಅಳತೆ 14.63 ಮೀಟರ್ ಆಗಿರುವುದಕ್ಕೂ ಆ ಹದಿನಾರು ಗಜವೇ ಕಾರಣ. ಈ ಹಿಟ್ಟಿನಲ್ಲಿ ಚೆಂಡು ನಮ್ಮದು, ಸಮಯ ನಮ್ಮದು, ಎದುರಾಳಿ 5 ಮೀಟರ್ ದೂರ ನಿಲ್ಲಬೇಕು. ಇಷ್ಟೆಲ್ಲ ಇದ್ದೂ ನಾವು ಇಲ್ಲಿಂದಲೇ 4 ಗೋಲು ಕೊಟ್ಟೆವು.

ಪತ್ತೆ ಮಾಡಲು ಒಂದು ಸೀಟಿ ಸಾಕು. ಹಿಟ್ ತೆಗೆದುಕೊಂಡ ಎರಡು ಸೆಕೆಂಡಿಗೆ ಸೀಟಿ ಊದಿ ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸಿ, ಒಬ್ಬರಿಂದೊಬ್ಬರಿಗೆ ಹೆಜ್ಜೆ ಹಾಕಿ ಅಳೆಯಬೇಕು. ನಾವು ಹಾಗೆ ನಿಲ್ಲಿಸಿದ ಸಂಜೆ ಬಲ ಬ್ಯಾಕ್ ಹಿಟ್ ಮಾಡಿದ ಜಾಗದಲ್ಲೇ ಇದ್ದ, ನಡುಸಾಲಿನ ಇಬ್ಬರು ಹಾಫ್‌ಗಳು ಅಂಚುಗೆರೆಗೆ ಅಂಟಿಕೊಂಡಿದ್ದರು, ಸೆಂಟರ್ ಹಾಫ್ ಮೈದಾನದ ನಟ್ಟನಡುವೆ ಎದುರಾಳಿಗಳಿಬ್ಬರ ನೆರಳಿನಲ್ಲಿ ನಿಂತಿದ್ದ. ಎಡ ಬ್ಯಾಕ್ ಮತ್ತು ಎಡ ಹಾಫ್ ಪಕ್ಕಪಕ್ಕದಲ್ಲಿದ್ದರು. ಅವರ ಹಿಂದೆ ಗೋಲಿನವರೆಗೆ ಯಾರೂ ಇರಲಿಲ್ಲ. ಏಕೆ ಹೀಗೆಂದು ಕೇಳಿದೆ.

“ಅಂವಾ ಹಿಂದ ನಿಲ್ತಾನಂತ ನಾ ಮುಂದ ಹ್ವಾದೆ ಸರ್,” ಎಂದ ಎಡ ಬ್ಯಾಕ್.

“ನಾನೂ ಹಂಗ ತಿಳ್ಕೊಂಡಿದ್ದೆ ಬಿಡ್ರಿ ಸರ್. ಬ್ಯಾಕ್ ಅಂದಮ್ಯಾಲೆ ಹಿಂದ ಇರತಾನಂತ,” ಎಂದ ಹಾಫ್.

ಇಬ್ಬರೂ ಒಂದೇ ಓಣಿಯವರು, ಒಂದೇ ಸೈಕಲ್ ಮೇಲೆ ಮೈದಾನಕ್ಕೆ ಬರುವವರು. ಮೂರು ವರ್ಷ ಜೊತೆಯಾಗಿ ಆಡಿಯೂ ಈ ಒಂದು ಮಾತನ್ನು ಒಬ್ಬರಿಗೊಬ್ಬರು ಆಡಿಕೊಂಡಿರಲಿಲ್ಲ. ಮಾತಾಡದ ರಕ್ಷಣೆಯನ್ನು ಯಾವ ವ್ಯೂಹವೂ ಉಳಿಸುವುದಿಲ್ಲವೆಂದು ನನಗನ್ನಿಸಿದ್ದು ಆ ಸಂಜೆ.

ಪರಿಹಾರ ಸರಳವಾಗಿತ್ತು. ಹಿಟ್ ಮಾಡುವವನ ಓರೆಯಲ್ಲಿ, ಅವನಿಗಿಂತ ಹಿಂದೆ, ಇನ್ನೊಬ್ಬ ಬ್ಯಾಕ್ ಕಡ್ಡಾಯವಾಗಿ ನಿಲ್ಲಬೇಕು. ಮುಂದೆ ದಾರಿ ಮುಚ್ಚಿದ್ದರೆ ಚೆಂಡು ಅವನಿಗೆ ಬಂದು, ಅಲ್ಲಿಂದ ಇನ್ನೊಂದು ಬದಿಗೆ ಹೋಗಬೇಕು. ಹಾಫ್ ಅಂಚುಗೆರೆಯಿಂದ ಐದಾರು ಹೆಜ್ಜೆ ಒಳಗೆ ಬಂದರೆ ಅವನಿಗೆ ಎರಡು ದಾರಿ ಸಿಗುತ್ತವೆ. 2009ರಲ್ಲಿ ನಿಯಮಕ್ಕೆ ಬಂದ ಸೆಲ್ಫ್ ಪಾಸ್ (ಹಿಟ್ ತೆಗೆದುಕೊಳ್ಳುವವನೇ ಚೆಂಡನ್ನು ಒಯ್ಯುವುದು) ಅನ್ನು ನಮ್ಮ ಹುಡುಗರು ಮುಂದಿನ ಮೈದಾನದಲ್ಲಿ ಮಾತ್ರ ಬಳಸುತ್ತಿದ್ದರು. ಹಿಂದೆಯೂ ಅದನ್ನು ಬಳಸಿ ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಎದುರಾಳಿಯ ಒತ್ತುವ ಸಾಲು ಕದಲುತ್ತದೆ, ಸಂದು ಕಾಣುತ್ತದೆ. ಮಧ್ಯಕ್ಕೆ ಜೋರಾಗಿ ಹೊಡೆಯುವುದನ್ನು ನಿಷೇಧಿಸಿದೆವು. ಬೇಸತ್ತ ಬ್ಯಾಕ್ ಚೆಂಡನ್ನು ಎತ್ತಿ ಆಕಾಶಕ್ಕೆ ಕಳಿಸುವುದುಂಟು, ಆದರೆ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸುವಷ್ಟು ಗಾಳಿ ಬೀಸುವ ನಮ್ಮ ಸೀಮೆಯಲ್ಲಿ ಹಾಗೆ ಎತ್ತಿದ ಚೆಂಡು ಎಲ್ಲಿ ಇಳಿಯುತ್ತದೆಂದು ಎತ್ತಿದವನಿಗೂ ಗೊತ್ತಿರುವುದಿಲ್ಲ.

ಪೆನಾಲ್ಟಿ ಕಾರ್ನರ್ ತಡೆಯುವ ಸಾಲು

ಕಾಲಿನ ದೋಷ ಹೋದ ಮೇಲೂ ಕೆಲವು ಕಾರ್ನರ್ ಕೊಡಬೇಕಾಗಿಯೇ ಬರುತ್ತದೆ. ಹಿಂಗೆರೆಯ ಹಿಂದೆ ಕೀಪರ್ ಸೇರಿ ಐವರು ಮಾತ್ರ ಇರಬಹುದು, ಉಳಿದವರು ನಡುಗೆರೆಯಾಚೆ. ಗೋಲಿಗೆ ಬರುವ ಮೊದಲ ಹೊಡೆತ ‘ಹಿಟ್’ ಆಗಿದ್ದರೆ ಅದು ಗೋಲಿನ ಹಲಗೆಯ 460 ಮಿಲಿಮೀಟರ್ ಎತ್ತರವನ್ನು ಮೀರಬಾರದು. ಡ್ರ್ಯಾಗ್ ಫ್ಲಿಕ್‌ಗೆ ಆ ಮಿತಿಯಿಲ್ಲ. ಗರಸಿನ ಮೇಲೆ ಚೆಂಡನ್ನು ಸ್ಟಿಕ್ಕಿಗೆ ತಾಗಿಸಿ ಎಳೆಯಲು ಬರುವುದಿಲ್ಲವಾದ್ದರಿಂದ ಇಲ್ಲಿ ಫ್ಲಿಕ್ ಮಾಡುವವರೇ ವಿರಳ. ಹಾಗಾಗಿ ನಮ್ಮ ಕೀಪರ್ ತನ್ನ ಜೀವನದ ಮೊದಲ ಒಳ್ಳೆಯ ಡ್ರ್ಯಾಗ್ ಫ್ಲಿಕ್ ನೋಡಿದ್ದು ಪಂದ್ಯದಲ್ಲಿಯೇ. ನಾವು ಕೋರ್ಟಿನ ಮೇಲೆ, ದೂರ ಕಡಿಮೆ ಮಾಡಿ, ಟೆನಿಸ್ ಚೆಂಡಿನಿಂದ ಎದೆಯೆತ್ತರದ ಫ್ಲಿಕ್ ಹಾಕಿಸಿ ಅವನ ಕೈ ಚುರುಕು ಮಾಡಿಸಿದೆವು. ಇದು ಅರ್ಧ ಪರಿಹಾರ ಮಾತ್ರ.

ಹೆಚ್ಚು ಫಲ ಕೊಟ್ಟದ್ದು ಹೊಡೆತ ತಡೆಯಲು ಹಿಂಗೆರೆಯಿಂದ ಓಡುವ ಮೊದಲ ಓಟಗಾರನ ತಿದ್ದುಪಡಿ. ಚೆಂಡು ಆಟಕ್ಕೆ ಬರುವ ಮೊದಲೇ ಅವನು ಗೆರೆ ದಾಟಿದರೆ ನಡುಗೆರೆಯಾಚೆ ಹೋಗಬೇಕು, ಅವನ ಬದಲಿಗೆ ಇನ್ನೊಬ್ಬ ಬರುವಂತಿಲ್ಲ. ಐದು ಮಂದಿಯ ಸಾಲು ನಾಲ್ಕಾಗುತ್ತದೆ. ನಮ್ಮವನು ಹಿಂಗೆರೆಯಿಂದ ಚೆಂಡು ತಳ್ಳುವ ಎದುರಾಳಿಯ ಕೈ ಅಲುಗಿದ್ದನ್ನು ನೋಡಿ ಓಡುತ್ತಿದ್ದ, ಹುಸಿ ಚಲನೆಗೆ ಬಲಿಯಾಗುತ್ತಿದ್ದ. ಚೆಂಡನ್ನು ಮಾತ್ರ ನೋಡು, ಕೈಯನ್ನು ನೋಡಬೇಡ ಎಂದು ಕಟ್ಟುನಿಟ್ಟಾಗಿ ಹೇಳಬೇಕಾಯಿತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ರಕ್ಷಕ ಅಮಿತ್ ರೋಹಿದಾಸ್ ಓಡಿಬರುತ್ತಿದ್ದ ಕೋನವನ್ನು ವಿಡಿಯೊದಲ್ಲಿ ನಿಧಾನವಾಗಿ ತೋರಿಸಿದರೆ ಹುಡುಗರಿಗೆ ಬೇಗ ಅರ್ಥವಾಗುತ್ತದೆ: ಅವರು ಫ್ಲಿಕ್ ಮಾಡುವವನ ಮೈಮೇಲೆ ಹೋಗದೆ ಗೋಲಿನ ಒಂದು ಬದಿಯ ದಾರಿಯನ್ನು ಮುಚ್ಚುತ್ತಾರೆ, ಇನ್ನೊಂದು ಬದಿ ಕೀಪರ್‌ನದು. ಮುಖಕವಚ, ಕೈಗವಸು, ಮೊಣಕಾಲಿನ ಪ್ಯಾಡ್ ಇಲ್ಲದೆ ಯಾವ ವಿದ್ಯಾರ್ಥಿಯನ್ನೂ ಈ ಓಟಕ್ಕೆ ಕಳಿಸಬೇಡಿ. ಒಂದು ಗೋಲು ಹೋದರೂ ಚಿಂತೆಯಿಲ್ಲ.

ಬದಲಿಸಬಾರದ್ದು

ದೋಷ ಸಿಗುವ ಮೊದಲು ವ್ಯೂಹ ಬದಲಿಸಬೇಡಿ. ನಾವು ಒಂದು ಪಂದ್ಯದಲ್ಲಿ ಮುಂದಿನವನೊಬ್ಬನನ್ನು ಹಿಂದಕ್ಕೆ ತಂದು ಬ್ಯಾಕ್‌ಗಳನ್ನು ಮೂವರಾಗಿಸಿದೆವು. ‘ಡಿ’ಯೊಳಗೆ ಕಾಲುಗಳು ಹೆಚ್ಚಾದವು, ಕಾರ್ನರ್‌ಗಳೂ ಹೆಚ್ಚಾದವು. 2024ರ ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ಇದೇ ರೋಹಿದಾಸ್ 17ನೇ ನಿಮಿಷದಲ್ಲಿ ಕೆಂಪು ಕಾರ್ಡ್ ಪಡೆದು ಹೊರಹೋದ ಮೇಲೆ ಭಾರತ ಉಳಿದ ಪಂದ್ಯವನ್ನು ಹತ್ತೇ ಮಂದಿಯಲ್ಲಿ ಆಡಿ ಬ್ರಿಟನ್ ಜೊತೆ 1-1ರ ಸಮಬಲ ಸಾಧಿಸಿ ಶೂಟೌಟ್‌ನಲ್ಲಿ 4-2ರಿಂದ ಗೆದ್ದದ್ದು ಎಲ್ಲರಿಗೂ ನೆನಪಿರಬಹುದು. ಹಿಂದೆ ಎಷ್ಟು ಮಂದಿ ಇದ್ದಾರೆಂಬುದಕ್ಕಿಂತ ಇದ್ದವರು ಎಲ್ಲಿ ನಿಂತಿದ್ದಾರೆಂಬುದು ಮುಖ್ಯವೆನ್ನುವುದಕ್ಕೆ ಅದನ್ನು ಮೀರಿದ ಉದಾಹರಣೆ ನನಗೆ ಗೊತ್ತಿಲ್ಲ. ಹಸಿರು ಕಾರ್ಡಿಗೆ 2 ನಿಮಿಷ, ಹಳದಿಗೆ ಕನಿಷ್ಠ 5 ನಿಮಿಷ ಒಬ್ಬ ಕಡಿಮೆಯಾಗುವುದರಿಂದ, ವಾರಕ್ಕೊಮ್ಮೆ ಹತ್ತು ಮಂದಿಯ ಅಭ್ಯಾಸವನ್ನೂ ಇಟ್ಟುಕೊಳ್ಳಿ.

ಮರುಪರಿಶೀಲನೆ

ಒಂದು ವಾರಕ್ಕೆ ಒಂದೇ ತಿದ್ದುಪಡಿ ಮಾಡಿ ನೋಟ್‌ಬುಕ್ಕನ್ನು ಮುಂದುವರಿಸಬೇಕು, ಇಲ್ಲವಾದರೆ ಯಾವ ಮದ್ದು ನಾಟಿತೆಂದು ತಿಳಿಯುವುದಿಲ್ಲ. ಹಳೆಯ ಕೀಪರ್‌ನನ್ನು ಮತ್ತೆ ಕರೆತಂದು ಆಡಿದ ಮೂರು ಸ್ನೇಹ ಪಂದ್ಯಗಳಲ್ಲಿ ಕಾಲಿನಿಂದ ಕೊಟ್ಟ ಕಾರ್ನರ್ 2 ಮಾತ್ರ. ಹದಿನಾರು ಗಜದ ಹಿಟ್ಟಿನಿಂದ ಗೋಲು ಬಿದ್ದಿಲ್ಲ. ತಲೆಯ ಮೇಲಿಂದ ಇನ್ನೊಂದು ಬದಿಗೆ ಬರುವ ಉದ್ದನೆಯ ಚೆಂಡಿಗೆ ಮಾತ್ರ ನಮ್ಮ ಎಡ ಹಾಫ್ ಈಗಲೂ ತಡವಾಗಿ ತಿರುಗುತ್ತಾನೆ. ಹಾಕಿ ಮೈದಾನ 55 ಮೀಟರ್ ಅಗಲ, ನಮ್ಮ ಕೋರ್ಟು 28 ಮೀಟರ್ ಉದ್ದ, 15 ಮೀಟರ್ ಅಗಲ. ಅಷ್ಟು ದೂರದ ಚೆಂಡನ್ನು ಅಲ್ಲಿ ಹಾಕಿಸಲು ಬರುವುದಿಲ್ಲ, ಗರಸಿನ ಮೇಲೆ ಹಾಕಿಸಿದರೆ ಇಳಿದ ಮೇಲೆ ಅದು ಪುಟಿಯುವ ಬಗೆಯೇ ಬೇರೆ. ಆ ಪುಟ ನೋಟ್‌ಬುಕ್ಕಿನಲ್ಲಿ ಇನ್ನೂ ತೆರೆದೇ ಇದೆ.